ಸಾಹೇಬರು ಮೂಲೆ ಕೆದರಿದ ಪ್ರಸಂಗ

ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹುಡುಗರಿಗೆ ಬೆನ್ನು ಮಾಡಿ ಹಲಗೆಯ ಮೇಲೆ ತ್ರಿಕೋನ ಬರೆಯುತ್ತಿರುವಾಗಲೇ, ಹಿಂದಿನ ಬೆಂಚಿನಲ್ಲಿ ಯಾರ ಬಾಯಿ ಆಡುತ್ತಿದೆ, ಯಾರ ಕೈ ಯಾರ ಚೀಲದಲ್ಲಿದೆ ಎಂದು ಹೇಳಬಲ್ಲೆ. ಇಂಥ ನನಗೆ ಒಂದು ಹಕ್ಕಿಯ ಮನಸ್ಸು ತಿಳಿಯುವುದು ಯಾವ ದೊಡ್ಡ ಮಾತು? ಹೀಗೆಂದು ನಂಬಿದ್ದೆ. ನಂಬಿ ಸುಮ್ಮನಿದ್ದರೆ ನಡೆಯುತ್ತಿತ್ತು, ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟಿದ್ದೆ!

ಹಕ್ಕಿ ನಮ್ಮದಲ್ಲ, ನಿಡಗುಂದಿಯಲ್ಲಿರುವ ನನ್ನ ತಮ್ಮ ಸಂಗಮೇಶನದು. ಆಫ್ರಿಕಾದ ಬೂದು ಗಿಳಿಯ ಮರಿ, ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಮೈಮೇಲೆ ಬೂದಿ ಬಣ್ಣದ ಸಫಾರಿ, ಹಿಂದೆ ಕೆಂಪು ಬಾಲ, ನಡಿಗೆಯಲ್ಲಿ ತಪಾಸಣೆಗೆ ಬಂದ ಅಧಿಕಾರಿಯ ಗತ್ತು. ಅದಕ್ಕೇ ಅವನು ‘ಸಾಹೇಬ’ ಎಂದು ಹೆಸರಿಟ್ಟಿದ್ದ. ಅವನ ಮನೆಯಲ್ಲಿ ಆಗಷ್ಟೇ ಕೂಸು ಹುಟ್ಟಿತ್ತು. ಈ ಜಾತಿಯ ಹಕ್ಕಿ ರೆಕ್ಕೆ ಕೊಡವಿದರೆ ಪುಡಿ ಉದುರುತ್ತದೆ, ಎಳೆಗೂಸಿರುವ ಮನೆಯಲ್ಲಿ ಸ್ವಲ್ಪ ದಿನ ಬೇಡ ಎಂದು ಡಾಕ್ಟರು ಹೇಳಿದರಂತೆ. ಹೀಗಾಗಿ ಸಂಗಮೇಶ ಪಂಜರ ತಂದು ನಮ್ಮ ಪಡಸಾಲೆಯಲ್ಲಿಟ್ಟ.

"ಅಕ್ಕಾ, ಇದರ ಸ್ವಭಾವ ಸ್ವಲ್ಪ ಬ್ಯಾರೆ ಐತಿ. ಏನರ ತಿಳೀಲಿಲ್ಲಂದ್ರ ನನಗ ಫೋನ್ ಹಚ್ಚು," ಎಂದ.

"ಹೋಗೋ! ನಿನ್ನ ಎತ್ತಿ ಆಡಿಸಿದಾಕಿ ನಾನು. ನಿನಗಿಂತ ಬ್ಯಾರೆ ಐತೇನ ಇದರ ಸ್ವಭಾವ? ಒಂದ್ ಸಲಾನೂ ಫೋನ್ ಮಾಡಂಗಿಲ್ಲ, ನೋಡ್ತಿರು."

ಅವನ ಹೆಂಡತಿ ಸುಮಾ ಮಾತ್ರ ಬಾಣಂತಿ ಕೋಣೆಯಿಂದಲೇ ಫೋನ್ ಮಾಡಿ, "ಹ್ಯಾಂಗ ಕೊಟ್ಟೇವಿ ಹಂಗ ವಾಪಸ್ ಬರಬೇಕ್ ನೋಡ್ರಿ ಅಕ್ಕಾರ. ಅದು ನಮ್ಮ ಮೊದಲನೇ ಮಗ ಇದ್ದಂಗ," ಎಂದು ನಕ್ಕಳು. ಆ ನಗುವಿನಲ್ಲಿ ನಗು ಕಡಿಮೆ ಇತ್ತು. ಹಕ್ಕಿಗೆ ಏನಾದರೂ ಆದರೆ ನನ್ನ ತವರಿನ ಬಾಗಿಲು ಅರ್ಧ ಮುಚ್ಚಿದಂತೆಯೇ ಎಂದು ನನಗೆ ಆಗಲೇ ಅರ್ಥವಾಯಿತು.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. "ಏನ್ರಿ ಟೀಚರ್, ಗಿಳಿ ಅಂದ್ರಿ, ಇದು ಪಾರಿವಾಳ ಇದ್ದಂಗ ಐತಲ್ಲ," ಎಂದಳು ಒಬ್ಬಳು. "ಹಸರ ಬಣ್ಣ ಮುಗದಿರಬೇಕ್ ಬಿಡ್ರಿ," ಎಂದಳು ಇನ್ನೊಬ್ಬಳು. ಸಾಹೇಬರು ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡಿ, ಬೆನ್ನು ತಿರುಗಿಸಿ ಕುಳಿತರು.

ಎರಡು ದಿನ ಎಲ್ಲ ಸರಿಯಿತ್ತು. ಮೂರನೆಯ ದಿನ ನಾನು ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಚರಚರ ಚರಚರ ಸಪ್ಪಳ. ನೋಡುತ್ತೇನೆ, ಸಾಹೇಬರು ಕಡ್ಡಿಯಿಂದ ಇಳಿದು ಪಂಜರದ ಒಂದು ಮೂಲೆಗೆ ತಲೆ ಒತ್ತಿ, ತಿಪ್ಪೆ ಕೆದರುವ ಕೋಳಿಯ ಹಾಗೆ ಎರಡೂ ಕಾಲಿನಿಂದ ತಳ ಕೆದರುತ್ತಿದ್ದಾರೆ! ತಳಕ್ಕೆ ಹಾಸಿದ್ದ ಪೇಪರು ಚಿಂದಿಯಾಗಿತ್ತು. ಕರೆದರೆ ತಿರುಗಿ ನೋಡುತ್ತಾರೆ, ಮತ್ತೆ ಕೆದರುತ್ತಾರೆ. ಮರುದಿನವೂ ಅದೇ. ಅದರ ಮರುದಿನವೂ ಅದೇ.

"ದೃಷ್ಟಿ ಆಗೇತಿ," ಎಂದು ನಮ್ಮ ಅತ್ತೆ ತೀರ್ಪು ಕೊಟ್ಟರು. "ಬಂದ್ ಬಂದ್ ನೋಡ್ತಾರಲ್ಲ ಎಲ್ಲಾರೂ, ಮತ್ತೇನಾಗ್ತೈತಿ?" ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅತ್ತೆ ಕೆಮ್ಮಿದರು, ನಾನು ಕೆಮ್ಮಿದೆ, ದೃಷ್ಟಿ ಹಾಕಿದ ಓಣಿಯವರೂ ತಮ್ಮ ತಮ್ಮ ಮನೆಯಲ್ಲಿ ಕೆಮ್ಮಿದರು. ಸಾಹೇಬರು ಒಂದು ಸಲ ಸೀನಿ ತಮ್ಮ ಕೆಲಸ ಮುಂದುವರಿಸಿದರು.

ನಾನು ಮೊಬೈಲಿನಲ್ಲಿ ವಿಡಿಯೋ ನೋಡಲು ಕುಳಿತೆ. ಒಬ್ಬರು ಹಕ್ಕಿಗೆ ಬೇಸರವಾಗಿದೆ ಎಂದರು. ಇನ್ನೊಬ್ಬರು ಸಂಸಾರ ಬೇಕಾಗಿದೆ, ಗೂಡು ಕಟ್ಟುತ್ತಿದೆ ಎಂದರು. ಮತ್ತೊಬ್ಬರು ಸುಣ್ಣದ ಅಂಶ ಕಡಿಮೆಯಾಗಿದೆ ಎಂದರು. ಮೂರನ್ನೂ ನಮ್ಮ ಮನೆಯವರಿಗೆ ವಿವರಿಸಿದೆ. ಅವರದು ಬಸ್‌ ಸ್ಟ್ಯಾಂಡಿನ ಹತ್ತಿರ ಬೀಜ, ಗೊಬ್ಬರದ ಅಂಗಡಿ. ಮಾತು ಕಡಿಮೆ, ಆಡಿದರೆ ತಡೆಯುವಂಥದ್ದಲ್ಲ.

"ಅಂದ್ರ ಬ್ಯಾಸರ ಆಗಿ, ಮದವಿ ಮಾಡ್ಕೊಂಡು, ಸುಣ್ಣಾ ತಿಂತೈತಿ ಅಂತ ಆತು. ನನ್ನ ಕತೀನ ಐತಿ ಬಿಡು," ಎಂದರು.

ಇಂಥವರ ಜೊತೆ ಚರ್ಚೆ ವ್ಯರ್ಥವೆಂದು ನಾನೇ ಪ್ರಯೋಗಕ್ಕಿಳಿದೆ. ಪಂಜರವನ್ನು ಸ್ವಲ್ಪ ತಿರುಗಿಸಿಟ್ಟೆ. ಸಾಹೇಬರು ಮೂಲೆ ಬದಲಿಸಿದರು. ಇನ್ನಷ್ಟು ತಿರುಗಿಸಿದೆ. ಮತ್ತೆ ಬದಲಿಸಿದರು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು: ಪಂಜರದ ಮೂಲೆ ಬದಲಾಗುತ್ತಿದೆ, ದಿಕ್ಕು ಬದಲಾಗುತ್ತಿಲ್ಲ! ಹೇಗಿಟ್ಟರೂ ಹಕ್ಕಿ ಕೆದರುವುದು ಈಶಾನ್ಯದ ಕಡೆಗೇ. ಆ ಕಡೆಯ ಗೋಡೆಯ ಆಚೆಗೆ ಏನಿದೆ? ನಮ್ಮ ಮನೆಯ ಬೋರ್‌ವೆಲ್! ಹಕ್ಕಿಗೆ ನೆಲದೊಳಗಿನ ನೀರು ತಿಳಿಯುತ್ತದೆ. ಪ್ರಮೇಯ ಸಾಧಿಸಿದ್ದಾಯಿತು.

"ಆ ಕಡೆ ಬೋರೂ ಐತಿ, ಫ್ರಿಜ್ಜೂ ಐತಿ, ಅವ್ವ ಮಲಗೂ ಹೊರಸೂ ಐತಿ, ಕ್ಯಾಲೆಂಡರೂ ಐತಿ," ಎಂದರು ನಮ್ಮ ಮನೆಯವರು. "ಪಾಪ, ಹಕ್ಕಿ ತಾರೀಖ ನೋಡ್ತಿರಬೇಕು." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಸಂಶೋಧನೆಗೆ ಮೊದಲ ವಿರೋಧ ಮನೆಯಲ್ಲೇ ಹುಟ್ಟುತ್ತದೆ.

ಇದು ಇಲ್ಲಿಗೇ ನಿಂತಿದ್ದರೆ ನನ್ನ ಮಾನ ಮನೆಯೊಳಗೇ ಹೋಗುತ್ತಿತ್ತು. ಆದರೆ ಅದೇ ಸಂಜೆ ಗೊಳಸಂಗಿಯಿಂದ ಭಾವನವರ ಫೋನು ಬಂತು. ನಮ್ಮ ಮನೆಯವರ ಅಣ್ಣ ಅವರು, ಹೊಲ ನೋಡಿಕೊಂಡು ಅಲ್ಲಿಯೇ ಇದ್ದಾರೆ. ಹೊಸದಾಗಿ ಲಿಂಬಿ ತೋಟ ಮಾಡಲು ಬೋರ್ ಹೊಡೆಸುತ್ತಿದ್ದರು. "ರವಿವಾರ ಗಾಡಿ ಬರ್ತೈತಿ. ಈರಪ್ಪಜ್ಜ ಬಂದು ಪಾಯಿಂಟ್ ನೋಡ್ತಾನ. ಎಲ್ಲಾರೂ ಬರ್ರಿ," ಎಂದರು.

ನಮ್ಮ ಕಡೆ ಬೋರ್ ಹೊಡೆಸುವ ಮುಂಚೆ ಪಾಯಿಂಟ್ ನೋಡಿಸದಿದ್ದರೆ ಮಷೀನಿನವನಿಗೂ ಸಮಾಧಾನವಿಲ್ಲ. ಬಲ್ಲವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತಾರೆ. ಕಾಯಿ ಎಲ್ಲಿ ತಾನಾಗಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ಓದಿದವರು ನಗುತ್ತಾರೆ, ಆದರೆ ತಮ್ಮ ಹೊಲಕ್ಕೂ ಕರೆಸುತ್ತಾರೆ. ಈರಪ್ಪಜ್ಜ ಈ ವಿದ್ಯೆಯಲ್ಲಿ ಸುತ್ತಲಿನ ಊರಿಗೆಲ್ಲ ಹೆಸರಾದವರು. ಮೇಲಾಗಿ ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಗಂಗಕ್ಕನ ಸೋದರಮಾವ. ಗಂಗಕ್ಕ ಹಬ್ಬ ಬಂದಾಗಲೆಲ್ಲ ನನ್ನ ರೊಟ್ಟಿ ಎತ್ತಿ ಎಲ್ಲರಿಗೂ ತೋರಿಸಿ, "ನಮ್ಮ ಶಾರದಾ ಸಾಲ್ಯಾಗ ವೃತ್ತ ಕಲಸ್ತಾಳಂತ, ಇದು ಯಾವ ವೃತ್ತನೋ!" ಎನ್ನುವವಳು. ಆ ಒಂದು ಮಾತು ಎಷ್ಟೋ ವರ್ಷಗಳಿಂದ ನನ್ನ ಹೊಟ್ಟೆಯಲ್ಲಿ ಕರಗದೆ ಕುಳಿತಿತ್ತು.

ನಾನು ಫೋನು ಕಸಿದುಕೊಂಡು ಹೇಳಿಯೇಬಿಟ್ಟೆ: "ಭಾವಾರ, ಕಾಯಿ ಯಾಕ್ರಿ? ನಮ್ಮ ಕಡೆ ಹಕ್ಕಿ ಐತಿ!"

ಭಾವನವರು, "ಆತವಾ, ತಗೊಂಡ್ ಬಾ. ಎರಡೂ ನೋಡೂಣಂತ," ಎಂದರು. ಅವರು ಒಳ್ಳೆಯವರು. ಒಳ್ಳೆಯವರಿಂದಲೇ ಅನಾಹುತ ಆಗುವುದು.

ರವಿವಾರ ಪಕ್ಕದ ಮನೆಯವರ ಕಾರು ತೆಗೆದುಕೊಂಡು ಹೊರಟೆವು. ಅತ್ತೆಯ ತೊಡೆಯ ಮೇಲೆ ಪಂಜರ. ಗೊಳಸಂಗಿಯ ಹೊಲದ ಬದುವಿನಲ್ಲಿ ಬೋರಿನ ಗಾಡಿ ಬಂದು ನಿಂತಿತ್ತು. ಊರಿನ ಅರ್ಧ ಜನ ಸೇರಿದ್ದರು, ಉಳಿದರ್ಧ ದಾರಿಯಲ್ಲಿದ್ದರು. ಈರಪ್ಪಜ್ಜ ತಲೆಗೆ ಬಿಳಿ ಪಟಗಾ ಸುತ್ತಿಕೊಂಡು, ತೆಂಗಿನಕಾಯಿ ಹಿಡಿದು ಕುಳಿತಿದ್ದರು. ನನ್ನನ್ನು ನೋಡಿ, "ಬಾರವ್ವ. ನಿಂದು ರೆಕ್ಕಿ ಇದ್ದದ್ದು, ನಂದು ಜುಟ್ಟ ಇದ್ದದ್ದು," ಎಂದು ನಕ್ಕು, ಹೊಲದ ಆ ತುದಿಗೆ ನಡೆದುಬಿಟ್ಟರು. ಗಂಗಕ್ಕ ನಗಲಿಲ್ಲ.

ನಾನು ಪಂಜರವನ್ನು ನೆಲಕ್ಕಿಟ್ಟೆ. ಸಾಹೇಬರು ಕಡ್ಡಿ ಬಿಟ್ಟು ಇಳಿಯಲೇ ಇಲ್ಲ. ಅಷ್ಟು ಜನರನ್ನು ನೋಡಿ ಕಲ್ಲಿನಂತೆ ಕುಳಿತರು.

"ಸಾಹೇಬ್ರು ರಜಾದ ಮ್ಯಾಲೆ ಅದಾರೇನ?" ಎಂದಳು ಗಂಗಕ್ಕ.

ಛಲ ಬಂತು. ಪಂಜರದ ತಳದಲ್ಲಿ ತಗಡಿನ ತಟ್ಟೆಯಿದೆ, ಅದು ಅಡ್ಡವಿದ್ದರೆ ನೀರು ಹೇಗೆ ತಿಳಿಯಬೇಕು? ಹಕ್ಕಿಗೂ ಭೂಮಿಗೂ ನೇರ ಸಂಬಂಧ ಬೇಕು. ತಟ್ಟೆಯನ್ನು ಎಳೆದು ತೆಗೆದೆ. ಸಾಹೇಬರು ಬಗ್ಗಿ ಕೆಳಗೆ ನೋಡಿದರು. ಮೆತ್ತಗೆ ಹರಗಿದ ಎರೆಮಣ್ಣು! ಇಳಿದು ಒಂದು ಕಾಲಿಟ್ಟರು. ಎರಡನೆಯ ಕಾಲಿಟ್ಟರು. ಆಮೇಲೆ ನೋಡಬೇಕಿತ್ತು, ಮಣ್ಣು ಹಿಂದೆ ನಿಂತವರ ಧೋತರಕ್ಕೆ ಸಿಡಿಯುವ ಹಾಗೆ ಕೆದರತೊಡಗಿದರು!

"ಸಿಕ್ತು! ಸಿಕ್ತು!" ಎಂದು ಜನ ಕೂಗಿದರು. ಭಾವನವರು ಗುರುತಿಗೆ ಕಲ್ಲಿಟ್ಟರು. ಖಾತ್ರಿಗಾಗಿ ಪಂಜರವನ್ನು ನೆಲಕ್ಕೆ ತಾಗಿಸಿಯೇ ಸ್ವಲ್ಪ ಆಚೆ ಸರಿಸಿದೆ. ಅಲ್ಲೂ ಕೆದರಿದರು. ಇನ್ನೊಂದು ಕಲ್ಲು. ಇನ್ನೂ ಆಚೆ ಸರಿಸಿದೆ, ಅಲ್ಲೂ ಕೆದರಿದರು. ಕಲ್ಲು ತಂದು ತಂದು ಭಾವನವರಿಗೆ ಬೆವರು ಬಂತು.

"ಇಷ್ಟೂ ಕಡೆ ನೀರ ಐತಂದ್ರ ಇದು ನನ್ನ ಹೊಲ ಅಲ್ಲವ್ವಾ ಶಾರದಾ, ಆಲಮಟ್ಟಿ ಡ್ಯಾಮ್!" ಎಂದರು.

ಅದೇ ಹೊತ್ತಿಗೆ ಗಾಡಿಯವನು ಮಷೀನು ಸರಿಯಿದೆಯೋ ಇಲ್ಲವೋ ನೋಡಲು ಚಾಲೂ ಮಾಡಿದ. ಭೂಮಿಯೇ ಗುಡುಗಿದಂತಾಯಿತು. ನಾನು ಗಾಬರಿಯಿಂದ ಹಕ್ಕಿಯನ್ನು ಕಾಪಾಡಬೇಕೆಂದು ಪಂಜರ ಎತ್ತಿಕೊಂಡು ಓಡಿದೆ. ಹತ್ತು ಹೆಜ್ಜೆ ಓಡಿದ ಮೇಲೆ ನೆನಪಾಯಿತು, ಪಂಜರಕ್ಕೆ ತಳವಿಲ್ಲ. ಹಕ್ಕಿ ಅಲ್ಲೇ ಇದೆ!

ಅಲ್ಲೇ ಇರಲಿಲ್ಲ. ಹಾರಿತ್ತು.

"ಹಿಡೀರಿ! ಹಿಡೀರಿ!" ಎಂದು ನಾನು ಖಾಲಿ ಪಂಜರ ಹಿಡಿದು ಓಡಿದೆ, ನನ್ನ ಹಿಂದೆ ನಮ್ಮ ಮನೆಯವರು, ಅವರ ಹಿಂದೆ ಊರು. ಸಾಹೇಬರಿಗೆ ಹಾರಿ ರೂಢಿಯಿಲ್ಲ, ಏಳುತ್ತ ಬೀಳುತ್ತ ನೆಲಕ್ಕೆ ಹತ್ತಿರದಲ್ಲೇ ಹೋಗುತ್ತಿದ್ದರು. ಹೊಲದ ಆ ತುದಿಯಲ್ಲಿ ಈರಪ್ಪಜ್ಜ ಅರ್ಧ ಕಣ್ಣು ಮುಚ್ಚಿ, ಅಂಗೈ ಮೇಲೆ ಕಾಯಿ ಇಟ್ಟುಕೊಂಡು, ಪ್ರಪಂಚದ ಪರಿವೆಯಿಲ್ಲದೆ ನಡೆದು ಬರುತ್ತಿದ್ದರು. ಇಡೀ ಹೊಲದಲ್ಲಿ ಅಲುಗಾಡದೆ ಇದ್ದ ಎತ್ತರದ ಜಾಗ ಅವರ ಪಟಗಾ ಒಂದೇ. ಸಾಹೇಬರು ಹೋಗಿ ಅದರ ಮೇಲೆ ಕುಳಿತರು. ಕಾಯಿ ಉರುಳಿ ಕಲ್ಲಿನ ಮೇಲೆ ಬಿದ್ದು ಒಡೆಯಿತು.

ಎಲ್ಲರೂ ಗಕ್ಕನೆ ನಿಂತರು. ಭಾವನವರು ಎರಡೂ ಕೈ ಎತ್ತಿ ಮುಗಿದರು. "ಹಕ್ಕಿ ಶಾಸ್ತ್ರ, ಕಾಯಿ ಶಾಸ್ತ್ರ ಎರಡೂ ಒಂದ ಕಡೆ ಕೂಡಿದ್ವು! ಇಲ್ಲೇ ಹಚ್ಚ್ರಿ ಮಷೀನ!"

"ಅಲ್ಲೋ ತಮ್ಮಾ, ಕಾಯಿ ನಿಂತಿಲ್ಲೋ, ಬಿದ್ದೈತಿ!" ಎಂದು ಈರಪ್ಪಜ್ಜ ಕೂಗಿದರು. ಯಾರೂ ಕೇಳಲಿಲ್ಲ. ತಲೆಯ ಮೇಲೆ ಹಕ್ಕಿ ಕೂತಿದ್ದ ಕಾರಣ ಅವರಿಗೆ ಜೋರಾಗಿ ತಲೆ ಆಡಿಸಲೂ ಆಗಲಿಲ್ಲ. ನಾನು ಪಂಜರಕ್ಕೆ ತಟ್ಟೆ ಹಾಕಿ, ಸಾಹೇಬರನ್ನು ಪಟಗಾದಿಂದ ಮೆಲ್ಲಗೆ ಇಳಿಸಿ ಒಳಗೆ ಕೂರಿಸಿದೆ.

ಮತ್ತು ಅಲ್ಲಿ ನೀರು ಬಿತ್ತು! ನನ್ನಾಣೆಗೂ ಬಿತ್ತು. ಒಡೆದ ಕಾಯಿಯೊಳಗಿನ ನೀರಿಗೂ ಕೆಳಗಿನ ನೀರಿಗೂ ಮೊದಲೇ ಗುರುತು ಪರಿಚಯ ಇತ್ತೋ ಏನೋ. ಗಂಗಕ್ಕ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಕುಂಕುಮ ತಂದು ಪಂಜರಕ್ಕೆ ಹಚ್ಚಿದಳು. ರೊಟ್ಟಿಯ ಮಾತು ಅಂದಿಗೆ ತೀರಿತು ಎಂದುಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ನನ್ನ ಮಾತು ನಿಲ್ಲಲಿಲ್ಲ. ಈಶಾನ್ಯ, ಅಂತರ್ಜಲ, ಪಕ್ಷಿಗಳ ಆರನೆಯ ಇಂದ್ರಿಯ. ಅತ್ತೆ ಬಹಳ ಹೊತ್ತು ಕೇಳಿದರು. ಬಸವನ ಬಾಗೇವಾಡಿ ದಾಟಿದ ಮೇಲೆ ಮೆಲ್ಲಗೆ, "ಶಾರದಾ, ಒಂದ ಮಾತ ಹೇಳಲೇನ?" ಎಂದರು. "ನಾ ದಿನಾ ಮಧ್ಯಾಹ್ನ ಹೊರಸಿನ ಮ್ಯಾಲೆ ಕುಂತು ಶೇಂಗಾ ಸುಲೀತೇನಲ್ಲ, ನಾಕ್ ಕಾಳ ಅದರ ಪಂಜರದಾಗೂ ಒಗೀತೇನಿ. ನನ್ನ ಕಡೆ ಯಾವ ಮೂಲಿ ಇರ್ತೈತಿ ಆ ಮೂಲ್ಯಾಗ. ನೀ ಬೈತಿ ಅಂತ ಹೇಳಿರಲಿಲ್ಲ."

ನಮ್ಮ ಮನೆಯವರ ಭುಜ ಕುಲುಕತೊಡಗಿತು. ರಸ್ತೆ ಕೆಟ್ಟಿದ್ದರಿಂದ ಎಂದು ತಿಳಿದುಕೊಳ್ಳೋಣವೆಂದರೆ ಅಲ್ಲಿ ರಸ್ತೆ ಚೆನ್ನಾಗಿಯೇ ಇತ್ತು.

ನನ್ನ ಪ್ರಮೇಯ ಬಿದ್ದುಹೋದದ್ದಕ್ಕೆ ನಾನು ಅಳಲಿಲ್ಲ. ಅಳು ಬಂದದ್ದು ಮರುದಿನ. ಸಾಹೇಬರು ಕೆದರುವುದನ್ನು ನಿಲ್ಲಿಸಿದ್ದರು. ಪುಕ್ಕ ಉಬ್ಬಿಸಿಕೊಂಡು, ಕಡ್ಡಿಯ ತುದಿಗೆ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದರು. ಕಾಳು ಮುಟ್ಟಲಿಲ್ಲ. ಅತ್ತೆ ಶೇಂಗಾ ಒಗೆದರೆ ತಿರುಗಿಯೂ ನೋಡಲಿಲ್ಲ. ಹೊರಗೆ ಮೋಟರ್‌ಸೈಕಲ್ ಸಪ್ಪಳವಾದರೆ ಮೈಯೆಲ್ಲ ನಡುಗುತ್ತಿತ್ತು. ಆ ಚರಚರ ಸಪ್ಪಳ ಇಲ್ಲದ ಪಡಸಾಲೆಯಲ್ಲಿ ನನಗೆ ಕೂಡಲಾಗಲಿಲ್ಲ. ಒಂದು ಎಳೆಯ ಜೀವವನ್ನು ನನ್ನ ಜಂಬಕ್ಕೆ ಹೊಲಕ್ಕೆ ಹೊತ್ತುಕೊಂಡು ಹೋಗಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ದನದ ದವಾಖಾನೆಗೆ ಓಡಿದೆ. ಡಾಕ್ಟರು ಒಳ್ಳೆಯ ಮನುಷ್ಯ. "ಎಮ್ಮಿ ಕೇಳ್ರಿ ಹೇಳ್ತೇನಿ, ಎತ್ತು ಕೇಳ್ರಿ ಹೇಳ್ತೇನಿ. ಇದನ್ನ ಕೈಯಾಗ ಹಿಡದದ್ದ ಇವತ್ತ," ಎಂದು, ಆದರೂ ನಿಧಾನವಾಗಿ ನೋಡಿದರು. "ಪೆಟ್ಟೇನೂ ಆಗಿಲ್ರಿ. ಭಾಳ ಅಂಜೇತಿ. ಬೆಳಸಿದವ್ರನ್ನ ಕೇಳ್ರಿ, ಜಲ್ದಿ ಕೇಳ್ರಿ."

ಬೆಳೆಸಿದವನನ್ನು ಕೇಳುವುದು ಎಂದರೆ ಫೋನ್ ಮಾಡುವುದು. ಮನೆಗೆ ಬಂದು ಮಾಡಿದೆ. ಎಲ್ಲವನ್ನೂ ಹೇಳಿದೆ, ತಟ್ಟೆ ತೆಗೆದದ್ದನ್ನೂ ಪಟಗಾದ ಮೇಲೆ ಕೂತದ್ದನ್ನೂ.

"ಅಕ್ಕಾ, ಈ ಜಾತಿ ಮರಿ ಎಲ್ಲಾ ಹಂಗ ಕೆದರತಾವ. ಅದು ಆಟ. ಕೆದರೂದು ರೋಗ ಅಲ್ಲ, ಕೆದರೂದ ಬಿಟ್ರ ಚಿಂತಿ ಮಾಡಬೇಕು."

"ಈಗ ಬಿಟ್ಟೈತಲ್ಲೋ!" ಎಂದು ಅತ್ತುಬಿಟ್ಟೆ.

"ಅಳಬ್ಯಾಡ. ಒಂದ್ ಬುಟ್ಟ್ಯಾಗ ಪೇಪರ್ ಚೂರು ಹಾಕಿ, ಒಳಗ ಶೇಂಗಾ ಮುಚ್ಚಿಡು. ಪಂಜರದ ಬಾಗಲಾ ತಗದು ಮುಂದ ಇಡು. ನೀ ನೆಲಕ್ಕ ಕುಂತು ಮೊದಲ ಕೆದರಿ ತೋರಸು. ನೀ ಆಡಿದ್ರ ಅದೂ ಆಡತೈತಿ. ವಿಡಿಯೋ ಚಾಲೂ ಇಡು, ನಾ ನೋಡ್ತೇನಿ."

ಬಾಗಿಲು ಕಿಟಕಿ ಮುಚ್ಚಿ, ಅತ್ತೆಯ ಕೈಗೆ ಮೊಬೈಲು ಕೊಟ್ಟು, ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕುಳಿತೆ. ಇಡೀ ಹೈಸ್ಕೂಲು ಹೆದರುವ ಗಣಿತದ ಟೀಚರು ಬುಟ್ಟಿಯಲ್ಲಿ ಎರಡೂ ಕೈ ಹಾಕಿ ಕೆದರತೊಡಗಿದಳು. ಸಾಹೇಬರು ತಿರುಗಲಿಲ್ಲ. ಕೂತು ಸಾಲದೆ ಮೊಣಕಾಲೂರಿದೆ. ಸಾಲದೆ ಬಗ್ಗಿದೆ. "ತಲಿ ಮೂಲಿಗೆ ಒತ್ತು, ಅದು ಹಂಗ ಮಾಡತಿತ್ತು," ಎಂದು ಅತ್ತೆ ನಿರ್ದೇಶನ ಕೊಟ್ಟರು. ತಲೆ ಒತ್ತಿದೆ. ಪೇಪರು ಹಿಂದಕ್ಕೆ ಸಿಡಿಯುವ ಹಾಗೆ, ಮೈಮರೆತು ಕೆದರಿದೆ.

ಚರ್ ಎಂದು ಒಂದು ಸಣ್ಣ ಸಪ್ಪಳ. ತಲೆ ಎತ್ತಿದೆ. ಸಾಹೇಬರು ಇಳಿದು ಬಂದು, ಬುಟ್ಟಿಯ ಆಚೆ ನಿಂತು, ನನ್ನನ್ನೊಮ್ಮೆ ನೋಡಿ, ಒಂದು ಕಾಲಿನಿಂದ ಮೆಲ್ಲಗೆ ಕೆದರಿದರು. ಆಮೇಲೆ ಎರಡೂ ಕಾಲಿನಿಂದ. ಒಂದು ಶೇಂಗಾ ಸಿಕ್ಕಿತು, ತಿಂದರು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಿಸಲಿಲ್ಲ.

"ಹಕ್ಕಿ ಆರಾಮ ಆತ ಬಿಡಕ್ಕಾ," ಎಂದ ಸಂಗಮೇಶ ಮೊಬೈಲಿನೊಳಗಿಂದ. "ನೀ ಆರಾಮ ಅದಿ ಇಲ್ಲೋ?"

ಆಗಲೇ ಬಾಗಿಲ ಕಡೆ ಯಾರೋ ಕೆಮ್ಮಿದರು. ಬಾಗಿಲು ಬರೀ ಮುಂದಕ್ಕೆ ಎಳೆದಿದ್ದೆ, ಚಿಲಕ ಹಾಕಿರಲಿಲ್ಲ. ಅರ್ಧ ತೆರೆದ ಬಾಗಿಲಲ್ಲಿ ಮುದ್ದೇಬಿಹಾಳದ ಕಡೆಯ ಇಬ್ಬರು ರೈತರು, ಗೊಳಸಂಗಿಯ ಸುದ್ದಿ ಕೇಳಿ ಹಕ್ಕಿಯನ್ನು ಬಾಡಿಗೆಗೆ ಕೇಳಲು ಬಂದವರು, ಟೋಪಿ ಕೈಯಲ್ಲಿ ಹಿಡಿದು ಭಕ್ತಿಯಿಂದ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ದೇವರಿಗೇ ಗೊತ್ತು. ಹಕ್ಕಿ ಎಲ್ಲಿಗೂ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಅವರು ಹಕ್ಕಿಗಿಂತ ನನ್ನನ್ನೇ ಹೆಚ್ಚು ನೋಡುತ್ತ ಹೋದರು.

ಕೆಲವು ದಿನಗಳ ಮೇಲೆ, ಕೂಸಿಗೆ ಇನ್ನು ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ಸಂಗಮೇಶ ಸಾಹೇಬರನ್ನು ಕರೆದುಕೊಂಡು ಹೋದ. ಸುಮಾ ಫೋನ್ ಮಾಡಿ, "ಕೊಟ್ಟಾಗಿನಕಿಂತ ಛಲೋ ಆಗಿ ಬಂದೈತ್ರಿ ಅಕ್ಕಾರ," ಎಂದಳು. ಈ ಸಲ ನಗುವಿನಲ್ಲಿ ನಗುವಿತ್ತು. ನನಗೆ ಪಡಸಾಲೆ ಖಾಲಿ ಅನ್ನಿಸಿತು, ಆದರೂ ಮನಸ್ಸು ಹಗುರಾಯಿತು.

ಆ ರವಿವಾರ ಇಂಡಿಯಿಂದ ಒಬ್ಬ ಹಿರಿಯರು ಜೀಪು ಮಾಡಿಕೊಂಡು ಬಂದರು. ಹಕ್ಕಿ ನಿಡಗುಂದಿಗೆ ಹೋಯಿತು, ಇನ್ನು ಇಲ್ಲಿ ಏನೂ ಇಲ್ಲ ಎಂದು ಕೈಮುಗಿದೆ. ಅವರು ಸ್ವಲ್ಪವೂ ನಿರಾಶರಾಗಲಿಲ್ಲ.

"ಹಕ್ಕಿ ಹೋದ್ರ ಹೋಗ್ಲಿ ಬಿಡ್ರಿ," ಎಂದರು. "ಟೀಚರ್‌ನೂ ಕೆದರತಾರಂತ ಕೇಳಿ ಬಂದೇವಿ. ಜೀಪ ತಂದೇನಿ, ಒಂದ್ ತಾಸ ನಮ್ಮ ಹೊಲಕ್ಕ ಬಂದ್ ಹೋಗ್ರಿ."

ನಮ್ಮ ಮನೆಯವರು ಪೇಪರು ಮುಖಕ್ಕೆ ಅಡ್ಡ ಹಿಡಿದರು. ಅತ್ತೆ ಹೊರಸಿನಿಂದ ಎದ್ದು ಬಂದು, ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಈ ರವಿವಾರ ಬ್ಯಾಡ್ರಿ," ಎಂದರು ಆ ಹಿರಿಯರಿಗೆ. "ನಿನ್ನೆನ ಉಗುರ ಕತ್ತರಿಸ್ಕೊಂಡಾಳ."